ಲೇಸರ್ ಜಾಮರ್ ಕಟ್ಟಿಕೊಂಡರೆ ವೇಗದ ದಂಡ ತಪ್ಪೀತೇ? ಕಾಸರಗೋಡಿನ ವಾಹನ ಚಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥಕ್ಕೆ ಅಗಲವಾದ ಮೇಲೆ, ಹೊಂಡ ನೋಡಿಕೊಂಡು ಕಾರು ಓಡಿಸುತ್ತಿದ್ದ ನಮ್ಮ ಜನ ಈಗ ಕ್ಯಾಮೆರಾ ನೋಡಿಕೊಂಡು ಓಡಿಸತೊಡಗಿದ್ದಾರೆ. ಇದರ ಜೊತೆಗೇ ಒಂದು ಹೊಸ ಮಾತು ಹಬ್ಬಿದೆ: ಬಂಪರಿಗೆ ಸಣ್ಣದೊಂದು ಸಾಧನ ಕೂರಿಸಿಕೊಂಡರೆ ಪೊಲೀಸರ ಸ್ಪೀಡ್ ಗನ್ ಕುರುಡಾಗುತ್ತದಂತೆ. ಮದುವೆ ಊಟದ ಸಾಲಿನಲ್ಲಿ, ಗ್ಯಾರೇಜಿನ ಬೆಂಚಿನಲ್ಲಿ, ಗಲ್ಫಿನಿಂದ ರಜೆಗೆ ಬಂದವರ ಮನೆಯಲ್ಲಿ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಲಾಗಿದೆ.

ಲೇಸರ್ ಜಾಮರ್ ಎಂದರೆ ಏನು?

ವೇಗ ಅಳೆಯುವ ಲೇಸರ್ ಗನ್ನಿನ ಕಿರಣ ಕಾರಿನ ಮೇಲೆ ಬಿದ್ದೊಡನೆ ಅದನ್ನು ಗುರುತಿಸಿ, ಅದೇ ಬಗೆಯ ಬೆಳಕನ್ನು ಮರಳಿ ಹೊಮ್ಮಿಸಿ, ಗನ್ನಿನ ಲೆಕ್ಕವನ್ನು ಕೆಡಿಸಲು ಮಾಡಿದ ಸಾಧನವೇ ಲೇಸರ್ ಜಾಮರ್. ಮುಂದಿನ ಗ್ರಿಲ್ಲಿನಲ್ಲಿ, ನಂಬರ್ ಪ್ಲೇಟಿನ ಆಸುಪಾಸಿನಲ್ಲಿ ಬೆರಳುದ್ದದ ಎರಡು ಅಥವಾ ಹೆಚ್ಚು ಸಂವೇದಕಗಳನ್ನು ಕೂರಿಸಿ, ಚಾಲಕನ ಬಳಿ ಒಂದು ನಿಯಂತ್ರಣ ಪೆಟ್ಟಿಗೆ ಇಡುತ್ತಾರೆ. ವಿದೇಶಗಳಲ್ಲಿ ಇದನ್ನು ಎಷ್ಟೋ ಸಲ 'ಪಾರ್ಕಿಂಗ್ ಸಂವೇದಕ' ಎಂಬ ಹೆಸರಿನಲ್ಲಿ ಮಾರುತ್ತಾರೆ. ಮಾರುವವರೇ ಸರಕಿನ ನಿಜವಾದ ಹೆಸರು ಹೇಳಲು ಹಿಂಜರಿಯುತ್ತಾರೆಂದರೆ ಕೊಳ್ಳುವವರು ಒಂದು ಕ್ಷಣ ಯೋಚಿಸುವುದು ಒಳ್ಳೆಯದು.

ಪೊಲೀಸರ ಲೇಸರ್ ಗನ್ ವೇಗವನ್ನು ಅಳೆಯುವುದು ಹೇಗೆ?

ಇದು ಅರ್ಥವಾದರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಲೇಸರ್ ಗನ್ ನಿಜವಾಗಿ ಅಳೆಯುವುದು ವೇಗವನ್ನಲ್ಲ, ದೂರವನ್ನು. ಅದು ಸುಮಾರು 904 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಸಣ್ಣ ಸಣ್ಣ ಮಿಡಿತಗಳನ್ನು ಸೆಕೆಂಡಿಗೆ ನೂರಾರರಂತೆ ಬಿಡುತ್ತದೆ. ಪ್ರತಿಯೊಂದು ಮಿಡಿತವೂ ಕಾರಿಗೆ ತಾಗಿ ಮರಳಲು ತೆಗೆದುಕೊಂಡ ಹೊತ್ತನ್ನು ಎಣಿಸಿ ಕಾರು ಎಷ್ಟು ದೂರದಲ್ಲಿದೆ ಎಂದು ಕಂಡುಕೊಳ್ಳುತ್ತದೆ. 300 ಮೀಟರ್ ದೂರದ ಕಾರಿಗೆ ಹೋಗಿ ಬರಲು ಬೆಳಕಿಗೆ ಬೇಕಾಗುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ.

ಗಂಟೆಗೆ 108 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 30 ಮೀಟರ್ ಸಾಗುತ್ತದೆ. ಅಳತೆಗೆ ಬೇಕಾದ ಸುಮಾರು 0.3 ಸೆಕೆಂಡಿನಲ್ಲಿ ಅದು 9 ಮೀಟರ್ ಹತ್ತಿರ ಬಂದಿರುತ್ತದೆ. ಈ ನಡುವೆ ಸಿಕ್ಕಿದ ಹತ್ತಾರು ದೂರದ ಅಂಕಿಗಳು ಒಂದೇ ಸರಳ ಗೆರೆಯಲ್ಲಿ ಇಳಿಯುತ್ತಾ ಬಂದಿದ್ದರೆ ಮಾತ್ರ ಗನ್ ಅದನ್ನು ವೇಗವೆಂದು ಒಪ್ಪಿ ಪರದೆಯ ಮೇಲೆ ತೋರಿಸುತ್ತದೆ. ಅಂಕಿಗಳು ಅಡ್ಡಾದಿಡ್ಡಿಯಾಗಿದ್ದರೆ ವೇಗದ ಬದಲು ದೋಷದ ಸಂಕೇತ ತೋರಿಸುತ್ತದೆ. ಜಾಮರ್ ಮಾಡುವವರು ಕೈಹಾಕುವುದು ಈ ಒಂದು ಬಿರುಕಿಗೇ.

ಇನ್ನೊಂದು ವಿಷಯವನ್ನು ನೆನಪಿಡಬೇಕು. ವೇಗ ಅಳೆಯುವ ಇನ್ನೊಂದು ಬಗೆಯ ಯಂತ್ರವಾದ ರಾಡಾರಿನ ರೇಡಿಯೋ ಅಲೆ ರಸ್ತೆಯ ಅಗಲಕ್ಕೂ ಹರಡಿಕೊಳ್ಳುತ್ತದೆ. ಲೇಸರ್ ಕಿರಣವಾದರೋ 300 ಮೀಟರ್ ದೂರದಲ್ಲೂ ಸುಮಾರು ಒಂದು ಮೀಟರಿನಷ್ಟೇ ಅಗಲವಾಗಿರುತ್ತದೆ. ಆದ್ದರಿಂದ ಬಂದ್ಯೋಡಿನ ನೇರ ರಸ್ತೆಯಲ್ಲಿ ನಾಲ್ಕು ಕಾರು ಒಟ್ಟಿಗೆ ಬರುತ್ತಿದ್ದರೂ ಅಧಿಕಾರಿ ತನಗೆ ಬೇಕಾದ ಒಂದನ್ನೇ ಹೆಕ್ಕಿ ಅಳೆಯಬಲ್ಲ. ಬೆಳಕನ್ನು ಚೆನ್ನಾಗಿ ಮರಳಿಸುವ ನಂಬರ್ ಪ್ಲೇಟು, ಹೆಡ್‌ಲೈಟುಗಳೇ ಅವನ ಮೊದಲ ಗುರಿ.

ಹಾಗಾದರೆ ಜಾಮರ್ ನಿಜವಾಗಿಯೂ ಕೆಲಸ ಮಾಡುತ್ತದೆಯೇ?

'ಇಲ್ಲವೇ ಇಲ್ಲ' ಎಂದು ಹೇಳಿದರೆ ಸುಳ್ಳಾಗುತ್ತದೆ. ಸರಿಯಾಗಿ ತಯಾರಿಸಿ ಸರಿಯಾಗಿ ಕೂರಿಸಿದ ದುಬಾರಿ ಜಾಮರ್‌ಗಳು ಹಳೆಯ ಮಾದರಿಯ ಕೆಲವು ಲೇಸರ್ ಗನ್ನುಗಳನ್ನು ಕೆಲವು ಸೆಕೆಂಡುಗಳ ಮಟ್ಟಿಗೆ ತಡೆಯಬಲ್ಲವು. ಗನ್ನಿನ ಮೊದಲ ಕೆಲವು ಮಿಡಿತಗಳನ್ನು ಕಂಡ ಕೂಡಲೇ ಜಾಮರ್ ಅದರ ಲಯವನ್ನು ಲೆಕ್ಕಹಾಕಿ, ನಿಜವಾದ ಪ್ರತಿಫಲನ ಗನ್ನಿಗೆ ಮುಟ್ಟುವ ಮುಂಚೆಯೇ ತನ್ನದೇ ಮಿಡಿತವನ್ನು ಮುಟ್ಟಿಸುತ್ತದೆ. ಚೆಂಡೆಯವನ ಪೆಟ್ಟಿಗೆ ಕೂದಲೆಳೆಯಷ್ಟು ಮುಂಚೆ ಇನ್ನೊಬ್ಬ ಪೆಟ್ಟು ಹಾಕಿದರೆ ತಾಳ ಹೇಗೆ ಕೆಡುತ್ತದೆಯೋ ಇದೂ ಹಾಗೆಯೇ. ದೂರದ ಅಂಕಿಗಳು ಸರಳ ಗೆರೆಯಲ್ಲಿ ಕೂರುವುದಿಲ್ಲ, ವೇಗ ಪರದೆಗೆ ಬರುವುದಿಲ್ಲ.

ಆದರೆ ಇದಕ್ಕೆ ಹಲವು ಷರತ್ತುಗಳಿವೆ. ಲಯವನ್ನು ಮುಂಚಿತವಾಗಿ ಊಹಿಸಲು ಬಂದರೆ ಮಾತ್ರ ಈ ಉಪಾಯ ನಡೆಯುತ್ತದೆ. ಆದ್ದರಿಂದ ಹೊಸ ಗನ್ನುಗಳಲ್ಲಿ ಮಿಡಿತಗಳ ನಡುವಿನ ಅಂತರವನ್ನು ಬೇಕೆಂದೇ ಏರುಪೇರು ಮಾಡುತ್ತಾರೆ. ಜಾಮರ್ ಕಂಪನಿಗಳು ಅದನ್ನು ಹಿಂಬಾಲಿಸಿ ತಮ್ಮ ತಂತ್ರಾಂಶವನ್ನು ಬದಲಿಸುತ್ತವೆ. ಗನ್ ಕಂಪನಿಗಳು ಮತ್ತೆ ಬದಲಿಸುತ್ತವೆ. ನೀವು ಕೊಂಡ ಸಾಧನ ಈ ಓಟದ ಯಾವ ಹಂತದಲ್ಲಿದೆ ಎಂಬುದು ನಿಮಗೆ ಗೊತ್ತಾಗುವುದು ದಂಡದ ಸಂದೇಶ ಬಂದ ಮೇಲೆಯೇ.

ಸಂವೇದಕ ಇರುವ ಜಾಗ, ಅದರ ಓರೆ, ಕಾರಿನ ಎತ್ತರ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಣ್ಣ ಕಾರಿಗೆ ಎರಡು ಸಂವೇದಕ ಸಾಕಾದರೆ, ಅಗಲವಾದ ಮೂತಿಯ ದೊಡ್ಡ ವಾಹನಕ್ಕೆ ಹೆಚ್ಚು ಬೇಕು. ಅಧಿಕಾರಿ ನಂಬರ್ ಪ್ಲೇಟು ಬಿಟ್ಟು ಹೆಡ್‌ಲೈಟಿಗೆ ಗುರಿಯಿಟ್ಟರೆ, ಮೇಲ್ಸೇತುವೆಯಿಂದ ಕೆಳಮುಖವಾಗಿ ಅಳೆದರೆ, ಅಥವಾ ಕಾರು ದಾಟಿಹೋದ ಮೇಲೆ ಹಿಂದಿನಿಂದ ಅಳೆದರೆ ಮುಂದಿನ ಗ್ರಿಲ್ಲಿನ ಜಾಮರ್ ಇದ್ದೂ ಇಲ್ಲದಂತೆ. ನಮ್ಮ ಊರಿನ ಮಳೆಗಾಲದ ಮಾತು ಬೇರೆಯೇ ಇದೆ: ಜೂನಿನಿಂದ ಸೆಪ್ಟೆಂಬರಿನ ತನಕ ಬದಿಯಡ್ಕ, ಪೆರ್ಲದ ಕಡೆಯಿಂದ ಬಂದ ಯಾವ ಕಾರಿನ ಬಂಪರ್ ನೋಡಿದರೂ ಕೆಂಪು ಮಣ್ಣಿನ ಲೇಪ ಇರುತ್ತದೆ, ಆ ಲೇಪದಡಿಯಲ್ಲಿ ಕುಳಿತ ಸಂವೇದಕಕ್ಕೆ ಕಾಣುವುದಾದರೂ ಏನು?

ಜಾಮರ್ ಇರುವುದು ಪೊಲೀಸರಿಗೆ ತಿಳಿಯುತ್ತದೆಯೇ?

ಬಹಳ ಸಲ ತಿಳಿಯುತ್ತದೆ. 300 ಮೀಟರ್ ದೂರದಲ್ಲಿ ನಿಚ್ಚಳವಾಗಿ ಕಾಣುವ ಕಾರು, ಎದುರಿಗೆ ಅಡ್ಡಿಯಿಲ್ಲ, ಮುಂಚಿನ ಹತ್ತು ಕಾರುಗಳ ವೇಗ ತಟ್ಟನೆ ಬಂದಿದೆ, ಇದೊಂದರದು ಮಾತ್ರ ಬರುತ್ತಿಲ್ಲ ಎಂದಾದರೆ ಅನುಭವಿ ಅಧಿಕಾರಿಗೆ ಸಂಶಯ ಬರಲು ಬೇರೆ ಸಾಕ್ಷಿ ಬೇಡ. ಇದೂ ಸಾಲದೆಂಬಂತೆ, ಹೊರಗಿನಿಂದ ಕೃತಕ ಮಿಡಿತ ಬರುತ್ತಿದೆಯೆಂದು ಗುರುತಿಸಿ ಪರದೆಯ ಮೇಲೆಯೇ ಎಚ್ಚರಿಕೆ ತೋರಿಸುವ ಗನ್ನುಗಳೂ ಇವೆ. ಜಾಮರ್ ಬಳಸುವವರ ನಡುವೆ ಪ್ರಚಲಿತವಿರುವ ಸಲಹೆಯನ್ನೇ ನೋಡಿ: ಎಚ್ಚರಿಕೆಯ ಸದ್ದು ಕೇಳಿದೊಡನೆ ಬ್ರೇಕ್ ಹಾಕಿ ಮಿತಿಯೊಳಗೆ ಇಳಿಯಬೇಕು, ಕೆಲವೇ ಸೆಕೆಂಡುಗಳಲ್ಲಿ ಜಾಮರನ್ನು ಆರಿಸಬೇಕು, ಆಗ ಗನ್ನಿಗೆ ಸಹಜವಾದ ವೇಗ ಸಿಗುತ್ತದೆ. ಅಂದರೆ ಸಾಧನವನ್ನು ಮೆಚ್ಚುವವರೂ ಅದನ್ನು ಕೆಲವು ಸೆಕೆಂಡುಗಳ ವಾಯಿದೆಯೆಂದು ಭಾವಿಸುತ್ತಾರೆಯೇ ಹೊರತು, ಅಡಗಿಸುವ ಮಂತ್ರವೆಂದಲ್ಲ. ಗಂಟೆಗೆ 130ರಲ್ಲಿ ಹೋಗುವಾಗ ಹಿಂದಿನ ಲಾರಿಯನ್ನು ನೋಡದೆ ಹೀಗೆ ಬ್ರೇಕ್ ಒತ್ತುವುದು ಎಂಥ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ.

ಕೇರಳದ ಎಐ ಕ್ಯಾಮೆರಾಗಳನ್ನು ಜಾಮರ್ ತಡೆಯುತ್ತದೆಯೇ?

ಇಲ್ಲ. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲಿಯೇ.

ಕೇರಳದ ಮೋಟಾರು ವಾಹನ ಇಲಾಖೆ 'ಸೇಫ್ ಕೇರಳ' ಯೋಜನೆಯಡಿ ರಾಜ್ಯ ಸರಕಾರದ ಕಂಪನಿಯಾದ ಕೆಲ್ಟ್ರಾನ್ ಮೂಲಕ ಅಳವಡಿಸಿ, 2023ರ ಜೂನ್ 5ರಿಂದ ದಂಡ ವಿಧಿಸಲು ತೊಡಗಿದ ಜಾಲದಲ್ಲಿ ಆಗ 726 ಕ್ಯಾಮೆರಾಗಳಿದ್ದವು. ಅವುಗಳಲ್ಲಿ 675 ಕ್ಯಾಮೆರಾಗಳ ಕೆಲಸ ಹೆಲ್ಮೆಟ್, ಸೀಟ್ ಬೆಲ್ಟ್, ಚಾಲನೆಯ ನಡುವೆ ಮೊಬೈಲ್, ಬೈಕಿನಲ್ಲಿ ಮೂವರ ಸವಾರಿ ಮೊದಲಾದವನ್ನು ಚಿತ್ರದಿಂದಲೇ ಗುರುತಿಸುವುದು. 25 ಇದ್ದದ್ದು ಅಕ್ರಮ ಪಾರ್ಕಿಂಗ್ ಪತ್ತೆಗೆ, 18 ಕೆಂಪು ದೀಪ ದಾಟುವವರಿಗೆ. ವೇಗಕ್ಕೆಂದೇ ಇದ್ದದ್ದು ನಿಂತಲ್ಲೇ ಇರುವ 4 ಮತ್ತು ವಾಹನದಲ್ಲಿ ಸಾಗುವ 4, ಒಟ್ಟು ಎಂಟು ಮಾತ್ರ. ಹೆದ್ದಾರಿಗಳಲ್ಲಿ ಮೊದಲಿನಿಂದಲೂ ಇದ್ದ ವೇಗದ ಕ್ಯಾಮೆರಾಗಳು, ರಸ್ತೆಯಲ್ಲಿ ತಪಾಸಣೆ ನಡೆಸುವ ಇಂಟರ್‌ಸೆಪ್ಟರ್ ವಾಹನಗಳು ಇದಕ್ಕೆ ಹೊರತು.

ಸೀಟ್ ಬೆಲ್ಟ್ ಕಟ್ಟದವನ ಎದೆಯ ಫೋಟೋ ತೆಗೆಯುವ ಕ್ಯಾಮೆರಾಕ್ಕೆ ಲೇಸರ್ ಮಿಡಿತದ ಗೊಡವೆಯೇ ಇಲ್ಲ. ಅದು ಬರಿಯ ಚಿತ್ರ. ಕೆಡಿಸಲು ಅಲ್ಲಿ ಲಯವೂ ಇಲ್ಲ, ಪ್ರತಿಫಲನದ ಲೆಕ್ಕವೂ ಇಲ್ಲ. ರಾಡಾರ್ ಬಳಸುವ ವೇಗದ ಕ್ಯಾಮೆರಾ ಕೆಲಸ ಮಾಡುವುದು ರೇಡಿಯೋ ಅಲೆಯಲ್ಲಿ. ಬೆಳಕಿನ ಜಾಮರಿಗೆ ಅದು ಕೇಳಿಸುವುದೂ ಇಲ್ಲ. ಇನ್ನು ಎರಡು ಜಾಗಗಳಲ್ಲಿ ನಂಬರ್ ಪ್ಲೇಟು ಓದಿ, ನಡುವಿನ ದೂರವನ್ನು ತೆಗೆದುಕೊಂಡ ಸಮಯದಿಂದ ಭಾಗಿಸಿ ಸರಾಸರಿ ವೇಗ ಕಟ್ಟುವ ವ್ಯವಸ್ಥೆಯಂತೂ ಎಲ್ಲಕ್ಕಿಂತ ಸರಳ. ಉಪ್ಪಳದಲ್ಲಿ ಒಂದು ಫೋಟೋ, ಹತ್ತು ಕಿಲೋಮೀಟರ್ ಆಚೆ ಇನ್ನೊಂದು ಫೋಟೋ ಎಂದಿಟ್ಟುಕೊಳ್ಳಿ. ನಡುವಿನ ಸಮಯ 5 ನಿಮಿಷವಾದರೆ ಸರಾಸರಿ 120 ಎಂದು ಐದನೆಯ ತರಗತಿಯ ಮಗುವೂ ಹೇಳೀತು.

ಹಾಗಾಗಿ ಜಾಮರ್ ಒಂದೇ ಒಂದು ಬಾಗಿಲಿಗೆ ಹಾಕುವ ಅಗುಳಿ. ಅಧಿಕಾರಿಯೊಬ್ಬ ನಿಂತು, ಹಳೆಯ ಬಗೆಯ ಲೇಸರ್ ಗನ್ನನ್ನು ನಿಮ್ಮ ಕಾರಿನ ಮುಂಭಾಗಕ್ಕೆ ಹಿಡಿದ ಹೊತ್ತಿಗೆ ಮಾತ್ರ ಅದರ ಉಪಯೋಗ. ಮನೆಗೆ ಉಳಿದ ಬಾಗಿಲುಗಳೆಷ್ಟು ಎಂಬುದನ್ನು ಎಣಿಸಿದ ಮೇಲೆ ಅಗುಳಿಗೆ ಎಷ್ಟು ಹಣ ಕೊಡಬಹುದೆಂದು ತೀರ್ಮಾನಿಸಿ.

ಇಂಟರ್‌ಸೆಪ್ಟರ್ ವಾಹನದಲ್ಲಿ ಇರುವುದು ಲೇಸರ್ ಗನ್ನೇ ಅಲ್ಲವೇ?

ಹೌದು, ಕ್ಯಾಮೆರಾ ಕೂಡಿದ ಲೇಸರ್ ಗನ್. ಆದರೆ ಆ ವಾಹನದಲ್ಲಿ ಅದೊಂದೇ ಇಲ್ಲ. ಮದ್ಯ ಪತ್ತೆ ಮಾಡುವ ಉಸಿರಿನ ಯಂತ್ರ, ಗಾಜಿನ ಕಪ್ಪನ್ನು ಅಳೆಯುವ ಉಪಕರಣ, ಹಾರ್ನ್ ಮತ್ತು ಸೈಲೆನ್ಸರಿನ ಸದ್ದು ಅಳೆಯುವ ಮಾಪಕ ಇವೂ ಇರುತ್ತವೆ. ವೇಗ ಸಿಗದ ಕಾರನ್ನು ಕುತೂಹಲಕ್ಕಾದರೂ ನಿಲ್ಲಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ, ಗ್ರಿಲ್ಲಿನಲ್ಲಿ ಕುಳಿತ ಕಪ್ಪು ಕಣ್ಣುಗಳು ಕಾಣದೆ ಇರುವುದಿಲ್ಲ.

ರಾಡಾರ್ ಡಿಟೆಕ್ಟರ್, ಲೇಸರ್ ಡಿಟೆಕ್ಟರ್, ಜಾಮರ್ ಇವೆಲ್ಲ ಒಂದೇ ಏನು?

ಅಲ್ಲ. ಡಿಟೆಕ್ಟರ್ ಕೇಳುವ ಕಿವಿ ಮಾತ್ರ, ಜಾಮರ್ ಎದುರು ಮಾತಾಡುವ ಬಾಯಿ. ರಾಡಾರ್ ಡಿಟೆಕ್ಟರಿಗೆ ಹರಡಿಕೊಂಡ ಅಲೆ ದೂರದಿಂದಲೇ ಸಿಗುವುದರಿಂದ ಮುನ್ಸೂಚನೆ ಕೊಡಲು ಅವಕಾಶವಿದೆ. ಲೇಸರ್ ಕಿರಣ ಸಪೂರವಾದ್ದರಿಂದ ಲೇಸರ್ ಡಿಟೆಕ್ಟರ್ ಕೂಗುವ ಹೊತ್ತಿಗೆ ಅಳತೆ ಮುಗಿದಿರುತ್ತದೆ. ಅದು ಎಚ್ಚರಿಕೆಯಲ್ಲ, ಸುದ್ದಿ. ರೇಡಿಯೋ ಅಲೆಯನ್ನು ತಡೆಯುವ ರಾಡಾರ್ ಜಾಮರ್ ಮೂರನೆಯ ಬಗೆ. ರೇಡಿಯೋ ಜಾಮರನ್ನು ಖಾಸಗಿಯವರು ಕೊಳ್ಳುವಂತಿಲ್ಲ, ಬಳಸುವಂತಿಲ್ಲ ಎಂಬುದನ್ನು ದೂರಸಂಪರ್ಕ ಇಲಾಖೆ 2022ರ ಜುಲೈಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತ್ತು.

ಕನ್ನಡಿಗೆ ಹಳೆಯ ಸಿ.ಡಿ. ನೇತುಹಾಕಿದರೆ, ನಂಬರ್ ಪ್ಲೇಟಿಗೆ ಸ್ಪ್ರೇ ಹೊಡೆದರೆ?

ಸಿ.ಡಿ.ಯಿಂದ ಏನೂ ಆಗುವುದಿಲ್ಲ. ಹಿಂದಿನವರ ಕಣ್ಣಿಗೆ ಹೊಳಪು ಹೊಡೆಯುತ್ತದೆ, ಅಷ್ಟೇ. ಸ್ಪ್ರೇ, ಹೊಳಪಿನ ಹಾಳೆ, ಮಡಚುವ ಪ್ಲೇಟುಗಳ ಮಾತು ಇನ್ನೂ ಅಪಾಯದ್ದು. ನಂಬರ್ ಪ್ಲೇಟನ್ನು ಓದಲಾಗದಂತೆ ಮಾಡುವುದು ಸ್ವತಃ ಅಪರಾಧ. ಒಂದು ದಂಡ ತಪ್ಪಿಸಲು ಹೋಗಿ ಎರಡಕ್ಕೆ ಗುರಿಯಾಗುವ ದಾರಿ ಅದು.

ಭಾರತದಲ್ಲಿ ಲೇಸರ್ ಜಾಮರ್ ಕಾನೂನುಬಾಹಿರವೇ?

1988ರ ಮೋಟಾರು ವಾಹನ ಕಾಯಿದೆಯಲ್ಲಿ 'ಲೇಸರ್ ಜಾಮರ್' ಎಂಬ ಪದ ಎಲ್ಲಿಯೂ ಇಲ್ಲ. ಮಾರುವವರು 'ನಿಷೇಧವಿಲ್ಲ' ಎಂದು ಎದೆತಟ್ಟಿ ಹೇಳುವುದು ಇದರ ಬಲದಿಂದಲೇ. ಆದರೆ ಹೆಸರಿಲ್ಲದ ಮಾತ್ರಕ್ಕೆ ಹಿಡಿಯುವ ಕೈಯೂ ಇಲ್ಲವೆಂದು ತಿಳಿಯಬಾರದು.

ಕಾಯಿದೆಯ 179ನೆಯ ಕಲಂ ಪ್ರಕಾರ ಅಧಿಕಾರಿಯ ಕರ್ತವ್ಯಕ್ಕೆ ಅಡ್ಡಿಪಡಿಸುವವರಿಗೆ 2,000 ರೂಪಾಯಿಯವರೆಗೆ ದಂಡವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 221ನೆಯ ಕಲಂ, ಸಾರ್ವಜನಿಕ ನೌಕರನ ಕರ್ತವ್ಯಕ್ಕೆ ಬೇಕೆಂದೇ ಅಡ್ಡಿಪಡಿಸುವವರಿಗೆ ಮೂರು ತಿಂಗಳವರೆಗೆ ಸೆರೆಮನೆ, ಅಥವಾ 2,500 ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ಹೇಳುತ್ತದೆ. ವೇಗ ಅಳೆಯುವ ಯಂತ್ರವನ್ನು ಕೆಡಿಸುವುದಲ್ಲದೆ ಬೇರೆ ಉದ್ದೇಶವೇ ಇಲ್ಲದ ಸಾಧನವನ್ನು ಕಟ್ಟಿಕೊಂಡು ಹೊರಟವರು 'ಬೇಕೆಂದೇ ಮಾಡಿದ್ದಲ್ಲ' ಎಂದು ವಾದಿಸುವುದು ಕಷ್ಟ. ಕಾಯಿದೆ ಅನುಮತಿಸದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲಕರಿಗೆ 182ಎ ಕಲಂ ಅಡಿಯಲ್ಲಿ ಆರು ತಿಂಗಳವರೆಗೆ ಸೆರೆಮನೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ. ಬಂಪರಿಗೆ ಸಂವೇದಕ ಕೂರಿಸುವುದು ಆ ಅರ್ಥದ ಮಾರ್ಪಾಡೇ ಎಂಬುದು ವಕೀಲರು ವಾದಿಸಬಹುದಾದ ವಿಷಯ. ಇಷ್ಟೆಲ್ಲ ವಾದ ಯಾವುದರಿಂದ ತಪ್ಪಿಸಿಕೊಳ್ಳಲು? 183ನೆಯ ಕಲಂ ಪ್ರಕಾರ ಕಾರಿನ ಅತಿವೇಗಕ್ಕೆ ಇರುವ ದಂಡ 1,000ದಿಂದ 2,000 ರೂಪಾಯಿ, ಬಸ್ಸು ಲಾರಿಗಳಿಗೆ 2,000ದಿಂದ 4,000. ಒಳ್ಳೆಯ ಜಾಮರ್ ಜೋಡಣೆಗೆ ವಿದೇಶದಲ್ಲಿ ಸಾವಿರ ಡಾಲರಿಗೂ ಮೀರಿ ಬೀಳುತ್ತದೆ. ಅಡಿಕೆಯ ಧಾರಣೆ ಎಷ್ಟೇ ಏರಿದ್ದರೂ ಈ ಲೆಕ್ಕ ಕೂಡಿಬರುವುದಿಲ್ಲ. ಅತಿವೇಗದ ಅಪರಾಧ ಮರುಕಳಿಸಿದರೆ ಲೈಸೆನ್ಸ್ ವಶಪಡಿಸಿಕೊಳ್ಳಲು ಅವಕಾಶವಿದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಗಲ್ಫಿನಲ್ಲಿರುವ ಬಾವ ತಂದುಕೊಡುತ್ತೇನೆ ಎನ್ನುತ್ತಾರೆ. ಹೊರದೇಶಗಳಲ್ಲಿ ಇದಕ್ಕೆ ಅನುಮತಿ ಇದೆಯಲ್ಲ?

ಬಾವನವರಿಗೆ ಮೊದಲು ಅಲ್ಲಿಯ ಕಾನೂನು ನೋಡಲು ಹೇಳಿ. ಯುಎಇಯಲ್ಲಿ ಕೇವಲ ಕೇಳಿಸಿಕೊಳ್ಳುವ ರಾಡಾರ್ ಡಿಟೆಕ್ಟರಿಗೇ ನಿಷೇಧವಿದೆ. ಅಮೆರಿಕದಲ್ಲಿ ರೇಡಿಯೋ ಅಲೆ ತಡೆಯುವ ರಾಡಾರ್ ಜಾಮರನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೆಳಕಿನದು ರೇಡಿಯೋ ಅಲ್ಲವಾದ್ದರಿಂದ ಲೇಸರ್ ಜಾಮರಿನ ವಿಷಯವನ್ನು ಆಯಾ ರಾಜ್ಯಗಳು ನೋಡಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವರ್ಜೀನಿಯಾ, ಇಲಿನಾಯ್ ಮೊದಲಾದ ರಾಜ್ಯಗಳಲ್ಲಿ ಅದು ನಿಷಿದ್ಧ, ಹಲವು ರಾಜ್ಯಗಳಲ್ಲಿ ಅಲ್ಲ. ಯೂಟ್ಯೂಬಿನಲ್ಲಿ ನಾವು ಕಾಣುವ ಹೊಗಳಿಕೆಯ ವಿಡಿಯೋಗಳು ಹೆಚ್ಚಾಗಿ ಆ ಉಳಿದ ರಾಜ್ಯಗಳವು.

ಬ್ರಿಟನ್ನಿನಲ್ಲಿ ಇದನ್ನು ನ್ಯಾಯದ ದಾರಿ ತಪ್ಪಿಸುವ ಅಪರಾಧವೆಂದೇ ಪರಿಗಣಿಸಿದ ಉದಾಹರಣೆಗಳಿವೆ. 2018ರಲ್ಲಿ ಉತ್ತರ ಯಾರ್ಕ್‌ಶೈರಿನ ರಸ್ತೆಯಲ್ಲಿ ಜಾಮರ್ ಹಾಕಿಕೊಂಡು ಪೊಲೀಸರ ಕ್ಯಾಮೆರಾ ವಾಹನದೆದುರು ಹಲವು ಬಾರಿ ಹಾದುಹೋದಾಗಲೆಲ್ಲ ಬೆರಳೆತ್ತಿ ಅಣಕಿಸಿದ ಚಾಲಕನೊಬ್ಬನಿಗೆ ಎಂಟು ತಿಂಗಳ ಸೆರೆಮನೆಯಾಯಿತು. ಅವನ ವೇಗ ಯಂತ್ರಕ್ಕೆ ಸಿಕ್ಕಿರಲಿಲ್ಲ, ಜಾಮರ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಅವನು ಸಿಕ್ಕಿಬಿದ್ದದ್ದು, ಶಿಕ್ಷೆಗೆ ಒಳಗಾದದ್ದು ಜಾಮರಿನಿಂದಲೇ.

ಗಡಿ ದಾಟಿದರೆ ದಂಡ ಹಿಂಬಾಲಿಸುವುದಿಲ್ಲ ಎನ್ನುತ್ತಾರೆ, ನಿಜವೇ?

ಕೆಎ-19 ನಂಬರಿನವರು ತಲಪಾಡಿ ದಾಟಿ ಇತ್ತ ಬಂದಾಗ, ಕೆಎಲ್-14ರವರು ಅತ್ತ ಹೋದಾಗ ಈ ಧೈರ್ಯ ಮೂಡುವುದನ್ನು ನಾವೆಲ್ಲ ಕಂಡಿದ್ದೇವೆ. ಇ-ಚಲನ್ ವ್ಯವಸ್ಥೆ ದೇಶಕ್ಕೆಲ್ಲ ಸೇರಿದ ವಾಹನ ದಾಖಲೆಯ ಜೊತೆ ಜೋಡಿಕೊಂಡಿರುವುದರಿಂದ, ದಾಖಲೆಯಲ್ಲಿರುವ ಮೊಬೈಲಿಗೆ ಸಂದೇಶ ಯಾವ ರಾಜ್ಯದಿಂದಲೂ ಬರುತ್ತದೆ. ಹೋಟೆಲಿನಲ್ಲಿ ಊಟ ಮುಗಿಸಿ ಹೊರಗೆ ಬರುವ ಮುಂಚೆಯೇ ಬರುವುದೂ ಉಂಟು. ಕಟ್ಟದೆ ಉಳಿದದ್ದು ಕಾರು ಮಾರುವ ದಿನ ಎದುರು ಬಂದು ನಿಲ್ಲುತ್ತದೆ.

ಅಷ್ಟಕ್ಕೂ ಇಲ್ಲಿ ವೇಗದ ಮಿತಿ ಎಷ್ಟು?

ಕೇರಳವು 2023ರ ಜುಲೈ 1ರಿಂದ ಮಿತಿಗಳನ್ನು ಪರಿಷ್ಕರಿಸಿದೆ. ಕಾರುಗಳಿಗೆ ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಂಟೆಗೆ 110, ನಾಲ್ಕು ಪಥದ್ದರಲ್ಲಿ 100, ಇತರ ರಾಷ್ಟ್ರೀಯ ಹೆದ್ದಾರಿಗಳಲ್ಲೂ ನಾಲ್ಕು ಪಥದ ರಾಜ್ಯ ಹೆದ್ದಾರಿಗಳಲ್ಲೂ 90, ಇತರ ರಾಜ್ಯ ಹೆದ್ದಾರಿ ಮತ್ತು ಪ್ರಮುಖ ಜಿಲ್ಲಾ ರಸ್ತೆಗಳಲ್ಲಿ 80, ಉಳಿದ ರಸ್ತೆಗಳಲ್ಲಿ 70, ನಗರದೊಳಗೆ 50 ಕಿಲೋಮೀಟರ್. ದ್ವಿಚಕ್ರ ವಾಹನಗಳ ಗರಿಷ್ಠ ಮಿತಿಯನ್ನು ಆಗ 70ರಿಂದ 60ಕ್ಕೆ ಇಳಿಸಲಾಯಿತು. ಆಟೋರಿಕ್ಷಾ ಮತ್ತು ಶಾಲಾ ಬಸ್ಸುಗಳಿಗೆ 50. ಸ್ಥಳದಲ್ಲಿ ಇದಕ್ಕಿಂತ ಕಡಿಮೆ ಅಂಕಿಯ ಫಲಕ ಇದ್ದರೆ ಅದೇ ಮಿತಿ. ಗಡಿ ದಾಟಿದೊಡನೆ ಕರ್ನಾಟಕದ ಮಿತಿ ಅನ್ವಯಿಸುತ್ತದೆ.

ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಫಲಕಗಳಲ್ಲಿ ಕನ್ನಡವೂ ಇರಬೇಕೆಂಬುದು ನಮ್ಮ ನ್ಯಾಯವಾದ ಬೇಡಿಕೆ. ಆದರೆ ಕೆಂಪು ವೃತ್ತದೊಳಗಿನ ಅಂಕಿಗೆ ಭಾಷೆಯ ಹಂಗಿಲ್ಲವಾದ್ದರಿಂದ 'ಓದಲು ಬರಲಿಲ್ಲ' ಎಂಬ ನೆಪ ನಡೆಯುವುದಿಲ್ಲ.

ಮಿತಿ ಮೀರಿ ಹೋದರೆ ಉಳಿಯುವ ಸಮಯವಾದರೂ ಎಷ್ಟು?

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರನ್ನು ಎಲ್ಲಿಯೂ ನಿಲ್ಲದೆ 110ರಲ್ಲಿ ಹೋದರೆ 21 ನಿಮಿಷ 16 ಸೆಕೆಂಡು, 130ರಲ್ಲಿ ಹೋದರೆ 18 ನಿಮಿಷ. ಲಾಭ ಮೂರೂಕಾಲು ನಿಮಿಷ. ಕುಂಬಳೆಯಲ್ಲಿ ಒಂದು ಚಹಾ ಆರಲೂ ಅಷ್ಟು ಹೊತ್ತು ಬೇಕು. ಇನ್ನೊಂದು ಬದಿಯ ಲೆಕ್ಕ ಹೀಗಿದೆ. ಒಣ ರಸ್ತೆಯಲ್ಲಿ, ಚಾಲಕ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡು ಹಿಡಿದರೆ, 110ರ ಕಾರು ಸುಮಾರು 97 ಮೀಟರಿನಲ್ಲಿ ನಿಲ್ಲುತ್ತದೆ. 130ರ ಕಾರಿಗೆ ಸುಮಾರು 129 ಮೀಟರ್ ಬೇಕು. ಮೊದಲನೆಯ ಕಾರು ಪೂರ್ತಿ ನಿಂತ ಅದೇ ಜಾಗವನ್ನು ಎರಡನೆಯದು ಇನ್ನೂ ಗಂಟೆಗೆ 75 ಕಿಲೋಮೀಟರಿಗೂ ಮೇಲಿನ ವೇಗದಲ್ಲಿ ಹಾದುಹೋಗುತ್ತಿರುತ್ತದೆ. ಕರ್ಕಾಟಕ ಮಾಸದ ಮಳೆಯಲ್ಲಿ ಈ ಅಂಕಿಗಳು ಇನ್ನೂ ಹಿಗ್ಗುತ್ತವೆ.

ಯಂತ್ರವೇ ತಪ್ಪು ಅಳೆದರೆ ಏನು ಮಾಡಬೇಕು?

ಇದು ನ್ಯಾಯವಾದ ಪ್ರಶ್ನೆ. ಜಾಮರಿನತ್ತ ಒಲಿಯುವವರಲ್ಲಿ ಕೆಲವರಿಗೆ ಇರುವುದು ವೇಗದ ಹುಚ್ಚಲ್ಲ, ಯಂತ್ರದ ಮೇಲಿನ ಅಪನಂಬಿಕೆ. ಲೇಸರ್ ಗನ್ನಿನ ಕಿರಣ ಅಳತೆಯ ನಡುವೆ ಬಾನೆಟ್ಟಿನಿಂದ ಗಾಜಿನ ಮೇಲಕ್ಕೆ ಜಾರಿದರೆ ಅಂಕಿ ಏರುಪೇರಾಗುವುದು ಸಾಧ್ಯ. ಕೈ ನಡುಗದಂತೆ ಹಿಡಿಯುವ ತರಬೇತಿ ಇರುವುದು ಅದಕ್ಕಾಗಿಯೇ. ರಸ್ತೆಯ ಬದಿಯಿಂದ ಓರೆಯಾಗಿ ಅಳೆದರೆ ಮಾತ್ರ ನಿಜವಾದ ವೇಗಕ್ಕಿಂತ ಕಡಿಮೆಯೇ ಬರುತ್ತದೆ, 10 ಡಿಗ್ರಿ ಓರೆಗೆ ಸುಮಾರು ಶೇಕಡಾ ಒಂದೂವರೆ. ಆ ತಪ್ಪು ಚಾಲಕನಿಗೆ ಅನುಕೂಲವಾದುದು.

ಒಬ್ಬ ಸಾಕ್ಷಿ ತನ್ನ ಕಣ್ಣಂದಾಜಿನಿಂದ 'ವೇಗವಾಗಿ ಬಂದ' ಎಂದ ಮಾತ್ರಕ್ಕೆ ಅತಿವೇಗದ ಶಿಕ್ಷೆ ಆಗುವಂತಿಲ್ಲ, ಅದಕ್ಕೆ ಯಂತ್ರದ ಅಳತೆಯ ಆಧಾರ ಬೇಕು ಎಂದು 183ನೆಯ ಕಲಮೇ ಹೇಳುತ್ತದೆ. ಆ ಯಂತ್ರ ಹೇಗಿರಬೇಕೆಂಬುದನ್ನು 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮ ಹೇಳುತ್ತದೆ: ಉಪಕರಣಕ್ಕೆ ವರ್ಷವರ್ಷ ನವೀಕರಿಸಬೇಕಾದ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಕಣ್ಗಾವಲಿನ ಜಾಗಕ್ಕೆ ಮುಂಚೆ ಎಚ್ಚರಿಕೆಯ ಫಲಕ ಇರಬೇಕು, ನೋಟಿಸಿನಲ್ಲಿ ವಾಹನದ ನಂಬರ್ ಕಾಣುವ ಚಿತ್ರ, ಯಂತ್ರದ ಅಳತೆ, ದಿನ, ಸಮಯ, ಸ್ಥಳ ಇರಬೇಕು. ಇವುಗಳಲ್ಲಿ ಕೊರತೆ ಕಂಡರೆ ಇ-ಚಲನ್ ಜಾಲತಾಣದ ದೂರು ವಿಭಾಗದಲ್ಲಿ ಆಕ್ಷೇಪ ಸಲ್ಲಿಸಬಹುದು, ನ್ಯಾಯಾಲಯದಲ್ಲಿ ಪ್ರಶ್ನಿಸಲೂಬಹುದು. ನನಗೊಮ್ಮೆ ಬಂದ ನೋಟಿಸನ್ನು ಹೀಗೆಯೇ ಪ್ರಶ್ನಿಸಬೇಕೆಂದು ಚಿತ್ರ ತೆರೆದು ನೋಡಿದೆ. ಕಾರು ನನ್ನದೇ, ಜಾಗ ಇಳಿಜಾರು, ನಂಬರ್ ನಿಚ್ಚಳ. ಸುಮ್ಮನೆ ದಂಡ ಕಟ್ಟಿದೆ.

ಎದುರಿನಿಂದ ಬರುವವರು ಲೈಟು ಮಿನುಗಿಸಿ ಎಚ್ಚರಿಸುತ್ತಾರಲ್ಲ, ಮೊಬೈಲ್ ನಕ್ಷೆಯೂ ಕ್ಯಾಮೆರಾ ತೋರಿಸುತ್ತದಲ್ಲ?

ನಕ್ಷೆಯಲ್ಲಿ ಕ್ಯಾಮೆರಾ ನೋಡುವುದಕ್ಕೂ ಜಾಮರ್ ಬಳಸುವುದಕ್ಕೂ ಅಜಗಜಾಂತರ. ಎಚ್ಚರಿಕೆಯ ಫಲಕವನ್ನು ಸರಕಾರವೇ ಹಾಕಬೇಕೆಂದಿರುವಾಗ ನಕ್ಷೆ ಹೇಳುವುದು ಗುಟ್ಟೇನಲ್ಲ. ಅದು ಯಂತ್ರವನ್ನು ಕೆಡಿಸುವುದೂ ಇಲ್ಲ. ಇದಕ್ಕಿಂತ ಹತ್ತಿರದ ಸಹಾಯ ಕಾರಿನಲ್ಲಿಯೇ ಇದೆ. 2019ರ ಜುಲೈ 1ರ ನಂತರ ತಯಾರಾದ ಕಾರುಗಳು 80 ದಾಟಿದಾಗ ಆಗಾಗ, 120 ದಾಟಿದಾಗ ಎಡೆಬಿಡದೆ ಸದ್ದು ಮಾಡುತ್ತವೆ. ಆ ಸದ್ದನ್ನು ಗ್ಯಾರೇಜಿನಲ್ಲಿ ತೆಗೆಸಿ, ಅದೇ ಗ್ಯಾರೇಜಿನಲ್ಲಿ ಜಾಮರಿನ ಬೆಲೆ ವಿಚಾರಿಸುವವರನ್ನೂ ನೋಡಿದ್ದೇನೆ.

ಈಗಾಗಲೇ ಒಂದು ಕೊಂಡು ಹಾಕಿಸಿಕೊಂಡಿದ್ದೇನೆ. ಈಗೇನು ಮಾಡಲಿ?

ಮೊದಲು ಅದು ಜಾಮರ್ ಹೌದೋ ಅಲ್ಲವೋ ನೋಡಿ. ಆನ್‌ಲೈನಿನಲ್ಲಿ ಅಗ್ಗದ ಬೆಲೆಗೆ ಜಾಮರ್ ಹೆಸರಿನಲ್ಲಿ ಸಿಗುವವುಗಳಲ್ಲಿ ಬರಿಯ ಡಿಟೆಕ್ಟರುಗಳೂ, ಮಿಣುಕು ದೀಪದ ಪೆಟ್ಟಿಗೆಗಳೂ ಸೇರಿವೆ. ನಿಜವಾದ ಜಾಮರೇ ಆಗಿದ್ದರೆ ವಿದ್ಯುತ್ ಕೆಲಸ ಬಲ್ಲವರಿಂದ ಬಿಚ್ಚಿಸಿ. ಬ್ಯಾಟರಿಯಿಂದ ಎಳೆದ ಹೆಚ್ಚುವರಿ ತಂತಿಯನ್ನು ಬಂಪರಿನೊಳಗೆ ತುದಿ ತೆರೆದೇ ಬಿಟ್ಟರೆ ಮಳೆಗಾಲದಲ್ಲಿ ಶಾರ್ಟ್ ಆಗುತ್ತದೆ. ಗ್ರಿಲ್ಲಿಗೆ ಕೊರೆದ ತೂತುಗಳನ್ನು ಮುಚ್ಚಿಸಿ. ಕಾರಿನದೇ ಆದ ಪಾರ್ಕಿಂಗ್ ಸಂವೇದಕಗಳು ಸರಿಯಾಗಿ ಸದ್ದು ಮಾಡುತ್ತಿವೆಯೇ ಎಂದು ಅಂಗಳದ ಗೋಡೆಯೆದುರು ಒಮ್ಮೆ ಪರೀಕ್ಷಿಸಿ. ಬಿಚ್ಚಿದ ಪೆಟ್ಟಿಗೆಯನ್ನು ಇನ್ನೊಬ್ಬರಿಗೆ ಅರ್ಧ ಬೆಲೆಗೆ ದಾಟಿಸುವ ಯೋಚನೆ ಬೇಡ. ನಾಳೆ ಅವರು ಸಿಕ್ಕಿಬಿದ್ದಾಗ ಮೊದಲು ಹೇಳುವುದು ನಿಮ್ಮ ಹೆಸರನ್ನೇ.